ಮೊಲದ ಅಂಗಾಲು, ಮನೆಯ ನೆಲ

ಮೊಲ ಕೊಳ್ಳಲು ಹೋದವರು ಮೊದಲು ನೋಡುವುದು ಕಿವಿ. ಆಮೇಲೆ ಕಣ್ಣು, ಬಣ್ಣ, ಮೈಮೇಲಿನ ಕೂದಲು. ಹಿಂಗಾಲು ಎತ್ತಿ ಅಂಗಾಲನ್ನು ನೋಡುವವರು ತೀರ ಕಡಿಮೆ. ಮೊಲ ಸಾಕಿ ಪಳಗಿದವರು ಮಾತ್ರ ಅಲ್ಲಿಂದಲೇ ಶುರುಮಾಡುತ್ತಾರೆ. ಈ ಪ್ರಾಣಿ ಇಲ್ಲಿಯತನಕ ಎಂಥ ನೆಲದ ಮೇಲೆ ಬದುಕಿದೆ, ಗೂಡು ಒಣಗಿರುತ್ತಿತ್ತೇ, ಓಡಾಡಲು ಜಾಗವಿತ್ತೇ ಎಂಬುದೆಲ್ಲ ಹಿಮ್ಮಡಿಯ ಆ ಪುಟ್ಟ ಜಾಗದಲ್ಲಿ ತಿಳಿದುಬಿಡುತ್ತದೆ.

ನಾಯಿ, ಬೆಕ್ಕುಗಳ ಅಂಗಾಲಿನಲ್ಲಿ ದಪ್ಪ ಚರ್ಮದ ಮೆತ್ತೆಗಳಿರುತ್ತವೆ. ಮೊಲಕ್ಕೆ ಅವಿಲ್ಲ. ಅದಕ್ಕಿರುವುದು ಒತ್ತಾಗಿ ಬೆಳೆದ ಕೂದಲು, ಅದರಡಿ ತೆಳು ಚರ್ಮ, ಚರ್ಮದ ಬೆನ್ನಿಗೇ ಎಲುಬು. ಓಡುವಾಗ ಭಾರ ಬೆರಳು, ಉಗುರುಗಳ ಮೇಲೆ ಬೀಳುತ್ತದೆ. ಕೂತಾಗ ಹಿಮ್ಮಡಿಯಿಂದ ಬೆರಳತನಕ ಇಡೀ ಪಾದ ನೆಲಕ್ಕೆ ತಾಗುತ್ತದೆ. ಇಂದಿನ ಸಾಕು ಮೊಲಗಳೆಲ್ಲ ಸ್ಪೇನ್, ಪೋರ್ಚುಗಲ್ ಕಡೆಯ ಕಾಡು ಮೊಲದ ಸಂತತಿ. ಸಡಿಲ ಮಣ್ಣಿನಲ್ಲಿ ಬಿಲ ತೋಡಿ, ಹುಲ್ಲಿನ ಮೇಲೆ ಮೇಯುತ್ತ ಬದುಕುವ ಆ ಪ್ರಾಣಿಯ ಉಗುರು ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಇಳಿಯುತ್ತದೆ, ಭಾರ ಪಾದದುದ್ದಕ್ಕೂ ಹಂಚಿಹೋಗುತ್ತದೆ. ಅದೇ ಪಾದ ನುಣುಪು ಟೈಲ್ಸ್ ಮೇಲೆ ಬಂದಾಗ ಉಗುರಿಗೆ ಇಳಿಯಲು ಎಡೆಯಿಲ್ಲ. ಬೆರಳು ಮೇಲೇಳುತ್ತದೆ, ಭಾರವೆಲ್ಲ ಹಿಮ್ಮಡಿಗೆ ಸರಿಯುತ್ತದೆ.

ಎಲುಬಿಗೂ ಗಟ್ಟಿ ನೆಲಕ್ಕೂ ನಡುವೆ ಸಿಕ್ಕಿಬಿದ್ದ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ತಿಂಗಳುಗಟ್ಟಲೆ ಮಲಗಿದ ರೋಗಿಗೆ ಏಳುವ ಹಾಸಿಗೆ ಹುಣ್ಣಿನ ಹಾಗೆಯೇ ಇದೂ. ಮೊದಲು ಕೂದಲು ಸವೆದು ಗುಲಾಬಿ ಚರ್ಮ ಕಾಣುತ್ತದೆ. ಆಮೇಲೆ ಅದು ಕೆಂಪಾಗುತ್ತದೆ, ಜಡ್ಡುಗಟ್ಟುತ್ತದೆ, ಒಂದು ದಿನ ಬಿರಿಯುತ್ತದೆ. ಬಿರುಕಿನೊಳಗೆ ಹೋಗುವ ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಮುಖ್ಯವಾದದ್ದು. ಮೊಲದ ಕೀವು ಮನುಷ್ಯರದರಂತೆ ಹರಿದು ಹೊರಬರುವಂಥದ್ದಲ್ಲ, ಗಟ್ಟಿ ಮುದ್ದೆಯಾಗಿ ಒಳಗೇ ಕೂರುತ್ತದೆ. ಸೋಂಕು ಎಲುಬನ್ನು ಮುಟ್ಟಿದರೆ, ಹಿಮ್ಮಡಿಯ ಮೇಲೆ ಹಾಯ್ದುಹೋಗುವ ಸ್ನಾಯುರಜ್ಜು ಜಾಗ ತಪ್ಪಿದರೆ, ಮೊಲ ಮತ್ತೆ ಸರಿಯಾಗಿ ಕಾಲೂರುವುದು ಬಹಳ ಕಷ್ಟ. ಪಶುವೈದ್ಯರು ಇದನ್ನು ಪೋಡೋಡರ್ಮಟೈಟಿಸ್ ಎನ್ನುತ್ತಾರೆ. ಸಾಕುವವರ ನಡುವೆ ಸೋರ್ ಹಾಕ್ಸ್ ಎಂದೇ ರೂಢಿ.

ಎಲ್ಲ ಮೊಲಗಳಿಗೂ ಅಪಾಯ ಒಂದೇ ಅಲ್ಲ. ರೆಕ್ಸ್ ತಳಿಯ ಕಥೆ ನೋಡಬೇಕು. 1919ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಸಾಮಾನ್ಯ ಮೊಲದ ಮರಿಗಳ ನಡುವೆ ಗಿಡ್ಡ ಕೂದಲಿನ ಮರಿಗಳು ಕಾಣಿಸಿಕೊಂಡವು. ಬೇರೆ ಮೊಲಗಳಲ್ಲಿ ಮೆತ್ತನೆಯ ಒಳಗೂದಲನ್ನು ದಾಟಿ ಬೆಳೆಯುವ ಬಿರುಸು ಹೊರಗೂದಲು ಈ ಮರಿಗಳಲ್ಲಿ ಮೊಟಕಾಗಿತ್ತು. ಆ ನುಣುಪಿಗೆ ಮನಸೋತವರು ಅದನ್ನೇ ಆರಿಸಿ ಬೆಳೆಸಿ ಹೊಸ ತಳಿ ಮಾಡಿದರು. ಇಂದಿಗೂ ಕೈಗೆ ಅಷ್ಟು ಹಿತವಾಗುವ ಮೊಲ ಇನ್ನೊಂದಿಲ್ಲ. ಆದರೆ ಅಂಗಾಲನ್ನು ಕಾಯಬೇಕಾದ ಬಿರುಸು ಕೂದಲೂ ಅದರ ಜೊತೆಗೇ ಹೋಯಿತು. ಬೇರೆ ಮೊಲ ವರ್ಷಗಟ್ಟಲೆ ತಾಳಿಕೊಳ್ಳುವ ನೆಲದ ಮೇಲೆ ರೆಕ್ಸ್‌ನ ಹಿಮ್ಮಡಿ ಬಹು ಬೇಗ ಬೋಳಾಗುತ್ತದೆ. ಆರು ಕಿಲೋ ಮೀರುವ ಫ್ಲೆಮಿಷ್ ಜೈಂಟ್‌ನಂಥ ದೊಡ್ಡ ತಳಿಗಳದು ಇನ್ನೊಂದು ಬಗೆಯ ತೊಂದರೆ: ಕೂದಲು ಚೆನ್ನಾಗಿದ್ದರೂ ಮೈಭಾರವೇ ಹಿಮ್ಮಡಿಯನ್ನು ಅರೆಯುತ್ತದೆ. ಕೊಡೈಕೆನಾಲ್ ಸಮೀಪದ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಸಾಕುತ್ತ ಬಂದಿರುವ ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ತಳಿಗಳೂ ತೂಕದವೇ. ಇಂಥವನ್ನು ಮನೆಗೆ ತರುವವರು ಬಣ್ಣ, ಹೆಸರು ಯೋಚಿಸುವ ಮೊದಲು ಹಾಸನ್ನು ಯೋಚಿಸಬೇಕು.

ನೆಲ ಬದಲಾದರೆ ಕಾಲು ಬದಲಾಗುತ್ತದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿದ್ದು ಮುದ್ದಿನ ಮೊಲಗಳಿಂದಲ್ಲ, ಸ್ಪೇನಿನ ಮಾಂಸದ ಫಾರ್ಮುಗಳಿಂದ. ಅಲ್ಲಿ ಮರಿಹಾಕುವ ಹೆಣ್ಣು ಮೊಲಗಳು ತಂತಿ ಜಾಲರಿಯ ಮೇಲೆಯೇ ಬದುಕು ಕಳೆಯುತ್ತಿದ್ದವು. ಜಾಲರಿಯ ಮೇಲೆ ಕಾಲೂರಲು ಒಂದು ಪ್ಲಾಸ್ಟಿಕ್ ಹಲಗೆ ಇಟ್ಟ ಗೂಡುಗಳಲ್ಲಿ ಹುಣ್ಣು ಎಷ್ಟೋ ಕಡಿಮೆಯಿತ್ತೆಂದು ರೋಸೆಲ್ ಮತ್ತು ಡೆ ಲಾ ಫುಯೆಂತೆ 2009ರಲ್ಲಿ ‘ಅನಿಮಲ್ ವೆಲ್ಫೇರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಲಾಮು, ಸೂಜಿ ಏನೂ ಇಲ್ಲದೆ ಬರೀ ಒಂದು ಹಲಗೆ ಮಾಡಿದ ಕೆಲಸವಿದು. ಹೀಗಿದ್ದೂ ನಮ್ಮಲ್ಲಿ ಸಾಕು ಮೊಲಕ್ಕೆಂದು ಮಾರುವ ಗೂಡುಗಳಲ್ಲಿ ಬಹಳಷ್ಟಕ್ಕೆ ಇವತ್ತಿಗೂ ತಂತಿಯದೇ ತಳ. ಹಿಕ್ಕೆ ಕೆಳಗೆ ಬೀಳುತ್ತದೆ, ತೊಳೆಯುವುದು ಸುಲಭ ಎಂಬುದು ಅದರ ಪರವಾದ ಮಾತು. ಆ ಸುಲಭ ಮನುಷ್ಯರದು. ಬೆಲೆ ತೆರುವುದು ಮೊಲದ ಕಾಲು.

ತಂತಿ ತೆಗೆದ ಮಾತ್ರಕ್ಕೆ ಮುಗಿಯಲಿಲ್ಲ. ಸಿಂಥೆಟಿಕ್ ಕಾರ್ಪೆಟ್ ಮೆತ್ತಗೆ ಕಂಡರೂ ಉಜ್ಜಿ ಉಜ್ಜಿ ಕೂದಲು ಸವೆಸುತ್ತದೆ. ಮೂತ್ರದಿಂದ ಒದ್ದೆಯಾದ ಹಾಸು ಚರ್ಮವನ್ನು ನೆನೆಸಿ ಸಡಿಲ ಮಾಡುತ್ತದೆ; ನಮ್ಮ ಹವೆಯಲ್ಲಿ ಅಂಥ ಕಡೆ ನೊಣ ಮೊಟ್ಟೆಯಿಟ್ಟು ಗಾಯಕ್ಕೆ ಹುಳು ಬೀಳಲು ಹೆಚ್ಚು ಹೊತ್ತು ಬೇಡ. ಬೆಳೆದ ಉಗುರು ಬೆರಳನ್ನು ಮೇಲೆತ್ತಿ ಭಾರವನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕತ್ತರಿಸಬೇಕು. ಬಿಸ್ಕತ್ತು, ಬಾಳೆಹಣ್ಣು ತಿಂದು ಕೊಬ್ಬಿದ ಮೊಲಕ್ಕೆ ಯಾವ ಹಾಸೂ ಸಾಲದು. ಮೊಲದ ಹೊಟ್ಟೆ ಇರುವುದೇ ಒಣಹುಲ್ಲಿಗೆ. ಗರಿಕೆ ಕೊಟ್ಟರೆ ಹಿಗ್ಗಿ ತಿನ್ನುತ್ತದೆ. ಕುದುರೆ ಮೆಂತ್ಯೆ ಬೆಳೆದ ಮೊಲಕ್ಕೆ ಆಗೊಮ್ಮೆ ಈಗೊಮ್ಮೆ ಸಾಕು. ಇನ್ನು ಜಾಗದ ಮಾತು. ಬ್ರಿಟನ್ನಿನ ಮೊಲ ಕಲ್ಯಾಣ ಸಂಘ ಒಂದು ಜೋಡಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ ಬೇಕೆನ್ನುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಇದು ದೊಡ್ಡ ಬೇಡಿಕೆಯೇ. ಆದರೆ ಒಂದೇ ಕಡೆ ಕೂತ ಮೊಲದ ಹಿಮ್ಮಡಿಗೆ ಬಿಡುವಿಲ್ಲ. ಬಾಲ್ಕನಿ ಇರಲಿ, ನಡುಮನೆಯ ಮೂಲೆ ಇರಲಿ, ಅದು ದಿನಾ ನಾಲ್ಕು ಸಲ ನೆಗೆದು ಓಡುವಷ್ಟು ಜಾಗ ಮಾಡಿಕೊಡಲೇಬೇಕು.

ಹಾಸಿಗೆ ವಿದೇಶಿ ಸರಕನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಹಳೆ ಸೀರೆಗಳ ಕೌದಿಯೊಂದನ್ನು ಟೈಲ್ಸ್ ಮೇಲೆ ಹರಡಿ, ಅದರ ಮೇಲೆ ಭತ್ತದ ಹುಲ್ಲನ್ನೋ ರಾಗಿ ಹುಲ್ಲನ್ನೋ ದಪ್ಪಗೆ ಹಾಸಿದರೆ ಉಗುರು ಇಳಿಯುತ್ತದೆ, ಪಾದ ಹೂತುಕೊಳ್ಳುತ್ತದೆ, ತೇವ ಕೆಳಗೆ ಹೋಗುತ್ತದೆ. ಬಟ್ಟೆ ಕಚ್ಚಿ ನುಂಗುವ ಅಭ್ಯಾಸವಿರುವ ಮೊಲಕ್ಕೆ ಕೌದಿ ಬೇಡ, ಹುಲ್ಲೊಂದೇ ಇರಲಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಹುಲ್ಲಿಗೆ ಬೂಷ್ಟು ಹಿಡಿದಿದೆಯೇ ಎಂದು ಮೂಸಿ ನೋಡಿಯೇ ಹಾಸಬೇಕು. ಮೊಲ ಅದನ್ನು ತಿನ್ನದೆ ಬಿಡುವುದಿಲ್ಲ.

ಹುಣ್ಣು ಆಗಿಯೇಬಿಟ್ಟಿದ್ದರೆ? ಚರ್ಮ ಬಿರಿಯದೆ ಬರೀ ಕೂದಲುದುರಿ ಕೆಂಪಾಗಿದ್ದರೆ ನೆಲ ಬದಲಿಸುವುದೇ ಮೊದಲ ಮದ್ದು, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಹಕ್ಕಳೆ ಕಟ್ಟಿದ್ದರೆ ಕೀಳಬಾರದು. ಬಾವು, ರಕ್ತ, ಕುಂಟು ಕಂಡರೆ ಮೊಲಗಳನ್ನು ನೋಡಿ ಅನುಭವವಿರುವ ಪಶುವೈದ್ಯರ ಬಳಿಗೆ ಹೋಗಬೇಕು. ಸೋಂಕು ಎಲುಬಿಗೆ ಇಳಿದಿದೆಯೇ ಎಂಬುದು ಎಕ್ಸ್-ರೇ ತೆಗೆಯದೆ ತಿಳಿಯದು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ, ಸಿರಪ್ಪನ್ನು ಮೊಲದ ಬಾಯಿಗೆ ಹಾಕಲೇಬಾರದು. ಬಾಯಿಯಿಂದ ಕೊಟ್ಟ ಪೆನಿಸಿಲಿನ್ ಗುಂಪಿನ ಔಷಧಿ, ಕ್ಲಿಂಡಾಮೈಸಿನ್, ಲಿಂಕೋಮೈಸಿನ್‌ಗಳು ಅದರ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಉಗುಳುವ ಕ್ಲಾಸ್ಟ್ರಿಡಿಯಂಗೆ ದಾರಿ ಬಿಡುತ್ತವೆ. ಕಾಲಿನ ಹುಣ್ಣಿಗೆಂದು ಕೊಟ್ಟ ಮದ್ದಿನಿಂದ ಮೊಲ ಭೇದಿಯಾಗಿ ಸಾಯಬಹುದು. ವೈದ್ಯರು ಸಾಮಾನ್ಯವಾಗಿ ಎನ್ರೋಫ್ಲಾಕ್ಸಾಸಿನ್, ಟ್ರೈಮೆಥೊಪ್ರಿಮ್-ಸಲ್ಫಾ ಬಗೆಯವನ್ನು ಆರಿಸುತ್ತಾರೆ, ನೋವಿಗೆ ಮೆಲೋಕ್ಸಿಕ್ಯಾಮ್ ಬರೆಯುತ್ತಾರೆ. ಸ್ಟೀರಾಯ್ಡ್ ಇರುವ ಚರ್ಮದ ಮುಲಾಮೂ ಬೇಡ. ಹಚ್ಚಿದ್ದನ್ನೆಲ್ಲ ಮೊಲ ನೆಕ್ಕುತ್ತದೆ. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಕೂಡುತ್ತಿರುವ ಚರ್ಮವನ್ನೇ ಸುಡುತ್ತವೆ. ಗಾಯ ತೊಳೆಯಲು ಸಲೈನ್ ಸಾಕು.

ಬ್ಯಾಂಡೇಜಿನ ಬಗ್ಗೆ ಸಾಕುವವರಲ್ಲಿ ಭರವಸೆ ಜಾಸ್ತಿ. ಆಳವಾದ ಹುಣ್ಣಿಗೆ ವೈದ್ಯರು ದಪ್ಪ ಹತ್ತಿಯಿಟ್ಟು ಭಾರ ಹಂಚುವಂತೆ ಸುತ್ತಿದರೆ ಅದರಿಂದ ಉಪಯೋಗವುಂಟು. ಮನೆಯಲ್ಲಿ ಬಿಗಿದ ಪಟ್ಟಿ ಒದ್ದೆಯಾಗುತ್ತದೆ, ಜಾರುತ್ತದೆ, ಕಚ್ಚಿ ಕಿತ್ತು ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಮೊಲ ನೋವನ್ನು ಬಚ್ಚಿಡುವ ಪ್ರಾಣಿ ಎಂಬುದನ್ನೂ ಮರೆಯುವಂತಿಲ್ಲ. ಮುದುಡಿ ಕೂರುವುದು, ಹಲ್ಲು ಕಡಿಯುವುದು, ಕಾಲು ಬದಲಿಸಿ ಬದಲಿಸಿ ಊರುವುದು ಇವೇ ಅದರ ದೂರು. ಅರ್ಧ ದಿನ ಮೇವು ಮುಟ್ಟದಿದ್ದರೆ ಕರುಳು ನಿಂತುಹೋಗುವ ಭಯವಿದೆ. ಆಗ ಮರುದಿನದವರೆಗೆ ಕಾಯಬಾರದು.

ಆದ್ದರಿಂದ ವಾರಕ್ಕೊಮ್ಮೆ ಅಂಗಾಲು ನೋಡುವುದು ಒಳ್ಳೆಯ ರೂಢಿ. ನೋಡುವ ಬಗೆಯೂ ಮುಖ್ಯ. ಮೊಲದ ಎಲುಬು ಹಗುರ, ಹಿಂಗಾಲಿನ ಒದೆತ ಬಲ. ಹಿಡಿತ ತಪ್ಪಿದಾಗ ಒದ್ದು ತನ್ನ ಸೊಂಟವನ್ನೇ ಮುರಿದುಕೊಂಡೀತು. ಒಬ್ಬರು ನೆಲದ ಮೇಲೆ ಕೂತು ಅದರ ಬೆನ್ನನ್ನು ಎದೆಗೆ ಆನಿಸಿ, ಹಿಂಭಾಗಕ್ಕೆ ಅಂಗೈಯ ಆಸರೆ ಕೊಡಬೇಕು, ಇನ್ನೊಬ್ಬರು ಪಾದದ ಕೂದಲು ಸರಿಸಿ ನೋಡಬೇಕು. ಮಗುಚಿ ಅಂಗಾತ ಮಲಗಿಸಿದರೆ ಅಲುಗಾಡದೆ ಇರುತ್ತದೆಂದು ಕೆಲವರು ಹಾಗೆ ಮಾಡುತ್ತಾರೆ. ಅದು ಸಮಾಧಾನವಲ್ಲ, ಬೇಟೆಗಾರನ ಬಾಯಿಗೆ ಸಿಕ್ಕಾಗಿನ ಭಯದ ಮರಗಟ್ಟುವಿಕೆ. ಕಿವಿ ಹಿಡಿದು ಎತ್ತುವುದಂತೂ ಯಾವ ಕಾಲಕ್ಕೂ ಕೂಡದು.

ಹುಣ್ಣು ಮಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮಾಗಿದ ಮೇಲೂ ಅಲ್ಲಿ ಕೂದಲು ಮೊದಲಿನಂತೆ ತುಂಬಿ ಬಾರದಿರಬಹುದು, ಗುರುತು ತೆಳುವಾಗಿ ಉಳಿಯುತ್ತದೆ. ಚೆನ್ನಾಗಿ ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಮುಪ್ಪಿನಲ್ಲಿ ಸಂಧಿವಾತ ಬಂದು ಓಡಾಟ ಕಡಿಮೆಯಾದಾಗ ಅದೇ ಹಿಮ್ಮಡಿಯ ಮೇಲೆ ಮತ್ತೆ ಭಾರ ಬೀಳುತ್ತದೆ. ಆಗ ಹಾಸು ಇನ್ನೂ ದಪ್ಪಗಿರಬೇಕು, ದಿನಾ ಬದಲಾಗಬೇಕು, ಪಾದವನ್ನು ಎರಡು ಮೂರು ದಿನಕ್ಕೊಮ್ಮೆ ನೋಡಬೇಕು.