ಕತ್ತಿ ಖಣಿಲ್ ಎಂದರೆ ಸೋತಂತೆ

ಚೀನೀ ಸಾಧಕರ ಕಾದಂಬರಿಗಳಲ್ಲಿ ಬರುವ ಒಲ್ಲದ ಮೈತ್ರಿಗಳ ಬಗ್ಗೆ ಈ ವಾರ ಬರೆಯುವುದಾಗಿ ಮಾತು ಕೊಟ್ಟಿದ್ದೆ. ವರಸೆ ನಿಮಗೆ ಗೊತ್ತೇ ಇದೆ. ಹಳೇ ಗುಹೆಯ ಬಾಗಿಲು ತೆರೆಯಲು ಇಬ್ಬರು ಹಗೆಗಳು ಆಣೆ ಇಟ್ಟು ಒಂದಾಗುತ್ತಾರೆ. ಒಳಗೆ ಭ್ರಮೆಯ ವ್ಯೂಹ. ಅದನ್ನು ದಾಟಿ ನಿಧಿ ಕಂಡದ್ದೇ ತಡ, ಬೆನ್ನಿಗೆ ಚೂರಿ. ಉಳಿದವನು ಒಂದು ಮೆಟ್ಟಿಲು ಮೇಲಕ್ಕೆ. ಇವಕ್ಕಿಂತ 16ನೇ ಶತಮಾನದ ‘ಪಶ್ಚಿಮ ಯಾತ್ರೆ’ ಎಷ್ಟೋ ವಾಸಿ. ಅಲ್ಲಿ ಮೂಳೆಯ ಪಿಶಾಚಿ ಹುಡುಗಿಯಾಗಿ, ಮುದುಕಿಯಾಗಿ, ಮುದುಕನಾಗಿ ಬರುತ್ತದೆ. ಮೂರು ಸಲವೂ ಗುರುತು ಹಿಡಿದ ಶಿಷ್ಯ ಕೋತಿಯನ್ನೇ ಗುರು ಓಡಿಸಿಬಿಡುತ್ತಾನೆ.

ಗುಡವಿ ಕೆರೆಗೆ ಮಳೆಗಾಲದ ಹಕ್ಕಿ ನೋಡಲು ಬರುವ ಹುಡುಗರೂ ಫೋನಿನಲ್ಲಿ ಈ ಸಾಧಕರ ಕಾದಂಬರಿಗಳನ್ನೇ ಓದುತ್ತಾರೆ. ‘ನಮ್ಮಲ್ಲಿ ಇಂಥವು ಇಲ್ಲ ಬಿಡಿ ಸಾರ್’ ಅನ್ನುತ್ತಾರೆ. ಅಲ್ಲಯ್ಯಾ, ಗುಡವಿಯಿಂದ ಈಚೆ ಬನವಾಸಿ, ಆಚೆ ಬಳ್ಳಿಗಾವಿ. ವಚನಕಾರ ಅಲ್ಲಮನ ಊರು ಬಳ್ಳಿಗಾವಿ. ಕವಿ ಚಾಮರಸನ ಕಾವ್ಯದಲ್ಲಿ ಅವನನ್ನು ಮೋಹಿಸುವ ಮಾಯಾದೇವಿ ಬನವಾಸಿಯ ಅರಸುಮಗಳು. ಅಲ್ಲಮನ ಕಥೆ ಹೇಳುವ ಆ 25 ಗತಿಗಳ ‘ಪ್ರಭುಲಿಂಗಲೀಲೆ’ ಇನ್ನೇನು?

ಅದರಲ್ಲಿನ ಗೋರಕ್ಷನ ಪ್ರಸಂಗವನ್ನೇ ನೋಡಿ. ಅವನು ಕಾಯಸಿದ್ಧ, ಮೈಯೆಲ್ಲ ವಜ್ರ. ಅಲ್ಲಮನ ಕೈಗೆ ಕತ್ತಿ ಕೊಟ್ಟು ‘ಹೊಡೆ’ ಎನ್ನುತ್ತಾನೆ. ಹೊಡೆದರೆ ಖಣಿಲ್ ಎಂದಿತೇ ಹೊರತು ಕೂದಲೂ ಕೊಂಕಲಿಲ್ಲ. ಚೀನೀ ಲೇಖಕ ಇಲ್ಲಿಗೆ ಶಿಷ್ಯರಿಂದ ಜೈಕಾರ ಹಾಕಿಸಿ ಅಧ್ಯಾಯ ಮುಗಿಸುತ್ತಿದ್ದ. ಅಲ್ಲಮನಿಗೆ ಆ ಸದ್ದೇ ಸಾಕು, ಸಿದ್ಧಿ ಇನ್ನೂ ಹಸಿ ಎನ್ನಲು. ಈಗ ಗೋರಕ್ಷನ ಸರದಿ. ಬೀಸಿದ ಕತ್ತಿ ಅಲ್ಲಮನ ಮೈಯೊಳಗೆ ಬಯಲಲ್ಲಿ ಆಡಿದ ಹಾಗೆ ಆಡಿ ಹೊರಬರುತ್ತದೆ, ಸದ್ದಿಲ್ಲ, ತಡೆಯಿಲ್ಲ. ಮೆಟ್ಟಿಲು ಎಣಿಸುತ್ತ ಬಂದವನು ಅಲ್ಲೇ ಶರಣಾಗುತ್ತಾನೆ.

ಇಷ್ಟು ಹೊಗಳಿದ ಮೇಲೆ ಚಾಮರಸನ ಮೇಲೆ ನನ್ನದೊಂದು ಹಳೇ ತಕರಾರು. ಅವನ ಅಲ್ಲಮನಿಗೆ ಮಾಯೆ ಅಂಟುವುದೇ ಇಲ್ಲ. ಅವಳು ಅಲ್ಲಮನನ್ನು ಸೋಲಿಸುವ ಪಾರ್ವತಿಯ ಪಂತಕ್ಕಾಗಿ ಹುಟ್ಟಿದವಳು. ಅಪ್ಪನ ಹೆಸರೇ ಮಮಕಾರ. ಫಲಿತಾಂಶ ಮೊದಲೇ ಗೊತ್ತಿರುವ ಪರೀಕ್ಷೆ ಅದು, ಚೀನೀ ವ್ಯೂಹಗಳ ಹಾಗೆಯೇ. ಚಾಮರಸನಿಗಿಂತ ಮುಂಚಿನ ಕವಿ ಹರಿಹರ ಈ ಜಾಣತನಕ್ಕೆ ಹೋಗಲಿಲ್ಲ. ‘ಪ್ರಭುದೇವರ ರಗಳೆ’ಯಲ್ಲಿ ಮದ್ದಳೆಯ ಅಲ್ಲಮ ಕಮಲತೆಯನ್ನು ನಿಜವಾಗಿಯೇ ಪ್ರೀತಿಸುತ್ತಾನೆ. ಅವಳು ಜ್ವರ ಬಂದು ಸಾಯುತ್ತಾಳೆ. ಇವನು ಹುಚ್ಚನಂತೆ ಅಲೆದು, ಒಂದು ತೋಟದಲ್ಲಿ ಕುಳಿತು, ಸುಮ್ಮನೆ ಉಗುರಿನಿಂದ ನೆಲ ಕೆರೆಯುತ್ತಾನೆ. ಮಣ್ಣಿನಡಿ ಹೊನ್ನಿನ ಕಳಸ ಕಾಣುತ್ತದೆ. ಅಗೆಸಿದರೆ ಹೂತುಹೋದ ಗುಡಿ. ಬಾಗಿಲು ಒದ್ದು ಒಳಹೊಕ್ಕರೆ ಅಂಗೈಲಿಂಗದಲ್ಲಿ ಕಣ್ಣು ನೆಟ್ಟ ಅನಿಮಿಷ ಎಂಬ ಯೋಗಿ. ಗುಪ್ತ ಗುಹೆ, ನಿಧಿ, ಗುರು, ಎಲ್ಲ ಸಿಕ್ಕಿತು. ಆದರೆ ಅಲ್ಲಮ ನಿಧಿ ಹುಡುಕಿಕೊಂಡು ಬಂದವನೇ ಅಲ್ಲ. ಅವನಿಗೆ ದಾರಿ ತೋರಿಸಿದ್ದು ಹೆಂಡತಿಯನ್ನು ಕಳೆದುಕೊಂಡ ಸಂಕಟ.

ಹೆಣ್ಣನ್ನು ಭ್ರಮೆ ಮಾಡಿ ಕೈತೊಳೆದುಕೊಳ್ಳುವ ಕಾವ್ಯ ಚೀನಾದ್ದಾದರೂ ಅಷ್ಟೆ, ಚಾಮರಸನ ವಿಜಯನಗರದ್ದಾದರೂ ಅಷ್ಟೆ. ನನಗೆ ಎರಡನೇ ದರ್ಜೆಯದು. ಹುಡುಗರು ಮೊದಲು ಹರಿಹರನನ್ನು ಓದಲಿ, ಚಾಮರಸ ಆಮೇಲೆ. ಮೈತ್ರಿಗಳ ಲೆಕ್ಕ ಮುಂದಿನ ವಾರಕ್ಕೆ ಇರಲಿ. ಅದನ್ನೂ ಸೊನ್ನಲಿಗೆಯ ಸಿದ್ಧರಾಮನಿಂದಲೇ ಶುರು ಮಾಡುತ್ತೇನೆ: ಅಲ್ಲಮನ ಮೇಲೆ ಮೊದಲು ಕಲ್ಲು ತೂರಿದ್ದು ಅವನ ಕೆಲಸದಾಳುಗಳು, ಆಮೇಲೆ ಅಲ್ಲಮನ ಜೊತೆ ಕಲ್ಯಾಣಕ್ಕೆ ಹೊರಟವನೂ ಅವನೇ.