ಬೇರುಹುಳುವಿನ ಬೇಟೆಗಾರ

ಅಡಿಕೆ ಮರದ ಬೇರು ತಿನ್ನುವ ಗೊಣ್ಣೆಹುಳು ಇರುವುದು ಮಣ್ಣಿನಾಳದಲ್ಲಿ. ಎಷ್ಟು ಔಷಧಿ ಸುರಿದರೂ ಅದಿರುವಲ್ಲಿಗೆ ಮುಟ್ಟಿಸುವುದು ಕಷ್ಟ. ಅಲ್ಲಿಗೆ ತಾನಾಗಿಯೇ ಹರಿದುಹೋಗುವ ಬೇಟೆಗಾರನೊಬ್ಬನಿದ್ದಾನೆ: ಹೆಟೆರೊರಾಬ್ಡಿಟಿಸ್ ಇಂಡಿಕಾ. ಕೊಯಮತ್ತೂರಿನಲ್ಲಿ ಸಿಕ್ಕು, 1992ರಲ್ಲಿ ಹೆಸರು ಪಡೆದ ಈ ದುಂಡುಹುಳುವಿನ ಮರಿ ಸುಮಾರು ಅರ್ಧ ಮಿಲಿಮೀಟರ್ ಉದ್ದ, ಅಷ್ಟೇ.

ಗೊಣ್ಣೆಹುಳುವಿನ ಬಾಯಿಯಿಂದಲೋ ಉಸಿರಾಟದ ರಂಧ್ರದಿಂದಲೋ ಒಳನುಗ್ಗಿ, ತನ್ನ ಕರುಳಿನಲ್ಲಿ ಸಾಕಿಕೊಂಡಿರುವ ಫೋಟೊರಾಬ್ಡಸ್ ಬ್ಯಾಕ್ಟೀರಿಯಾವನ್ನು ಅಲ್ಲಿ ಬಿಡುತ್ತದೆ. ಎರಡು ಮೂರು ದಿನಗಳಲ್ಲಿ ಹುಳು ಸತ್ತು ಇಟ್ಟಿಗೆಗೆಂಪಾಗುತ್ತದೆ. ಕತ್ತಲಲ್ಲಿ ಮಂದವಾಗಿ ಹೊಳೆಯುವುದೂ ಉಂಟು. ಕೊಂದ ಬ್ಯಾಕ್ಟೀರಿಯಾವೇ ಹೆಣ ಕೊಳೆಯದಂತೆ ಕಾಯುತ್ತದೆ! ಆ ಹೆಣವನ್ನು ಉಂಡು ಬೆಳೆದ ದುಂಡುಹುಳುವಿನ ಸಂತತಿ ಸಾವಿರಗಟ್ಟಲೆಯಾಗಿ ಹೊರಬಂದು ಮುಂದಿನ ಹುಳುವನ್ನು ಅರಸುತ್ತದೆ. ಡಬ್ಬಿಯಲ್ಲಿ ಬರುವ ಯಾವ ವಿಷಕ್ಕೆ ಹೀಗೆ ಮರಿ ಹಾಕುವ ಗುಣವಿದೆ?

ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಈ ದುಂಡುಹುಳುವನ್ನು ಪುಡಿಯ ರೂಪಕ್ಕೆ ತಂದದ್ದು ತೋಟಿಗರಿಗೆ ಮಾಡಿದ ದೊಡ್ಡ ಉಪಕಾರವೆಂದೇ ನನ್ನ ಎಣಿಕೆ. ಜೀವಂತ ಸರಕಾದ್ದರಿಂದ ಬಿಸಿಲನ್ನೂ ಒಣಮಣ್ಣನ್ನೂ ತಾಳದು. ನೆಲ ಹಸಿಯಿರುವಾಗ, ಹೊತ್ತಿಳಿದ ಮೇಲೆ, ನೀರಿನಲ್ಲಿ ಕಲಸಿ ಮರದ ಬುಡಕ್ಕೆ ಹಾಕಬೇಕು.