ಕೆಂಪು ನೀರಿನ ಕಪ್ಪು-ಬಿಳುಪು

ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮ್ಮಿಕ್ಕುವುದನ್ನು ಮಳೆಗಾಲದಲ್ಲಿ ಕಂಡವರಿಗೆ ಗೊತ್ತು, ಆ ನೀರು ಮಣ್ಣು ಕಲಸಿದ ಕೆಂಪು. ಕಪ್ಪು-ಬಿಳುಪು ಚಿತ್ರಗಳಲ್ಲಿ ಮಾತ್ರ ಅದು ಬೆಳ್ಳಗೆ ಬೀಳುತ್ತದೆ. ಆಕಾಶ ಗಾಢವಾಗಲೆಂದು ಲೆನ್ಸಿಗೆ ಕೆಂಪು ಫಿಲ್ಟರ್ ಹಾಕುತ್ತಾರೆ, ಕೆಂಪು ನೀರು ತಿಳಿಯಾಗುತ್ತದೆ. ಶಟರನ್ನು ಕೆಲವು ಸೆಕೆಂಡು ತೆರೆದಿಟ್ಟರೆ ಪೂರಾ ರೇಷ್ಮೆ. ಕೆಂಪು ಬೆಳಕನ್ನು ಗ್ರಹಿಸದ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ಬಳಸಿದರೆ ಅದೇ ನೀರು ಬಂಡೆಯ ಬಣ್ಣಕ್ಕೆ ಹತ್ತಿರವಾಗುತ್ತದೆ, ಹೊಲಗಳ ಮಣ್ಣು ಹೊತ್ತು ತಂದ ಭಾರ ಕಾಣುತ್ತದೆ. ಫಿಲ್ಮಿನ ಆಯ್ಕೆ ಊರಿನ ಬಗ್ಗೆ ಏನಾದರೂ ಹೇಳಿದಾಗಲೇ ಅದನ್ನು ನಾನು ಪ್ರಯೋಗವೆಂದು ಒಪ್ಪುತ್ತೇನೆ. ಅವಧಿ ಮೀರಿದ ರೋಲು, ಗೀರು, ಮಸುಕು ಇವೆಲ್ಲ ಬರೀ ಹಳತನದ ಲೇಪವಾಗಿ ಬಂದಾಗ ಒಪ್ಪಲಾರೆ.

ಪರಂಪರೆಯನ್ನು ಹಳತನದ ಲೇಪದಲ್ಲಿ ನೋಡುವ ಅಭ್ಯಾಸಕ್ಕೆ ಹಳೆಯ ಬೇರಿದೆ. 1855ರಲ್ಲಿ ಮುಂಬಯಿ ಸರಕಾರ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಸ್ಮಾರಕಗಳ ಚಿತ್ರ ತೆಗೆಯಲು ನೇಮಿಸಿತು. ಅವನ ನಂತರ ವೈದ್ಯ ಪಿಗೌ ಬಂದ. ಇವರ ಮತ್ತು ಇನ್ನೊಬ್ಬ ಛಾಯಾಗ್ರಾಹಕ ನೀಲ್‌ನ ಚಿತ್ರಗಳು ಮೆಡೋಸ್ ಟೇಲರನ ಇತಿಹಾಸ ಟಿಪ್ಪಣಿಯೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಆಗಿನ ರಾಸಾಯನಿಕಕ್ಕೆ ಮುಖ್ಯವಾಗಿ ನೀಲಿ ಬೆಳಕೇ ತಾಗುತ್ತಿತ್ತು, ಹಾಗಾಗಿ ಆಕಾಶ ಖಾಲಿ. ಎಕ್ಸ್‌ಪೋಶರ್ ದೀರ್ಘ, ಹಾಗಾಗಿ ನಡೆದಾಡುವವರು ಅಳಿಸಿಹೋದರು. ಸಲಕರಣೆಯ ಮಿತಿ ಬರಬರುತ್ತ ಅಭಿರುಚಿಯಾಯಿತು: ಜನರಿಲ್ಲದ ಗುಡಿ, ಒಂಟಿ ಕಂಬ, ಮೌನ. ಅವರ ದುಡಿಮೆಯ ಬಗ್ಗೆ ನನಗೆ ದೊಡ್ಡ ಗೌರವವಿದೆ. ಸೈನ್ಯಾಧಿಕಾರಿ ಗ್ರೀನ್‌ಲಾ 1856ರಲ್ಲಿ ಹಂಪಿಯನ್ನು ಮೇಣದ ಕಾಗದದ ನೆಗೆಟಿವುಗಳಲ್ಲಿ ಹಿಡಿದಿದ್ದರಿಂದಲೇ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಅವವೇ ಜಾಗಗಳಲ್ಲಿ ನಿಂತು, ನಡುವಿನ ಕಾಲ ಏನು ಮಾಡಿತೆಂದು ತೋರಿಸಲು ಸಾಧ್ಯವಾಯಿತು. ಪೇಚಿರುವುದು ಆ ಮಿತಿಯನ್ನು ಇಂದಿಗೂ ಸೊಬಗೆಂದು ನಂಬಿರುವುದರಲ್ಲಿ.

ಹುಕ್ಕೇರಿಯ ಆದಿಲಶಾಹಿ ಕಾಲದ ಗುಮ್ಮಟಗಳನ್ನು ಈಗಲೂ ಹಾಗೆಯೇ ತೆಗೆಯುತ್ತಾರೆ. ಕರೆಂಟಿನ ತಂತಿ ತಪ್ಪಿಸಿ, ಆಡುವ ಹುಡುಗರು ಸರಿಯುವವರೆಗೂ ಕಾದು. ಅಲ್ಲಿಂದ ಹಿಡಕಲ್ ಜಲಾಶಯದ ಕಡೆ ಹೋದರೆ ಆ ಅಭಿರುಚಿಗೆ ನೆಲೆಯೇ ಸಿಗದು. ಹಿನ್ನೀರಿನಲ್ಲಿ ಮುಳುಗುವ ಹುನ್ನೂರ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರಿಳಿದಾಗ ಮೇಲೆ ಬರುತ್ತದೆ. ಡಬಲ್ ಎಕ್ಸ್‌ಪೋಶರ್ ಎಂದರೆ ದೆವ್ವದ ನೆರಳಿನ ಅಲಂಕಾರ ಎಂದುಕೊಂಡವರು ಇಲ್ಲಿ ಅದನ್ನು ಹೊಸದಾಗಿ ಕಲಿಯಬೇಕು. ಮೇ ತಿಂಗಳ ಗುಡಿ, ಸೆಪ್ಟೆಂಬರಿನ ನೀರು ಒಂದೇ ಫ್ರೇಮಿನಲ್ಲಿ ಕೂತರೆ ಅದು ಆ ಗುಡಿಯ ನಿಜ ಸ್ಥಿತಿ. ತಗಡಿನ ಡಬ್ಬಿಗೆ ಸೂಜಿತೂತು ಕೊರೆದು, ಫೋಟೋ ಕಾಗದ ಇಟ್ಟು, ದಂಡೆಯ ಮರಕ್ಕೆ ಆರು ತಿಂಗಳು ಕಟ್ಟಿದರೆ ಸೂರ್ಯನ ದಾರಿಗಳು ಗೆರೆಗೆರೆಯಾಗಿ ಮೂಡುತ್ತವೆ. ಮೋಡ ಕವಿದ ದಿನಗಳಲ್ಲಿ ಗೆರೆ ಕಡಿಯುತ್ತದೆ. ಗುಡಿ ಮುಳುಗಿಸಿದ ಮಳೆಯ ಲೆಕ್ಕಕ್ಕೆ ಇದಕ್ಕಿಂತ ನೇರವಾದ ಚಿತ್ರ ನನಗೆ ಹೊಳೆಯದು.

ಮತ್ತೆ ಗೋಕಾಕಕ್ಕೆ ಬಂದರೆ, ಅಲ್ಲಿನ ಹತ್ತಿ ಮಿಲ್ಲು ಶುರುವಾದದ್ದು 1885ರಲ್ಲಿ. ಜಲಪಾತದ ಬಲವನ್ನು ದುಡಿಸಿಕೊಂಡೇ ಬೆಳೆದದ್ದು. ಜಲಪಾತದ ಬಳಿಯ ತೂಗುಸೇತುವೆಯ ಚಿತ್ರಗಳಿಗೆ ಬರವಿಲ್ಲ, ಪಾಳಿ ಮುಗಿಸಿ ಬಂದವರ ಮುಖಗಳಿಗಿದೆ. ಆ ಮುಖಗಳನ್ನು ಉಳಿಸಿದ್ದು ಸ್ಮಾರಕದ ಪರಂಪರೆಗಿಂತ ಹೆಚ್ಚಾಗಿ ಪೇಟೆಯ ಸ್ಟುಡಿಯೋಗಳು. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಹೆಸರಿನ ಫಿಲ್ಮಿನ ಕಾಲದವರೆಗೂ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತಿದ್ದುತ್ತಿದ್ದ ಆ ಕೈಗಳನ್ನು ವಿಮರ್ಶೆ ಕಲೆಯೆಂದು ಎಣಿಸಲೇ ಇಲ್ಲ.

ಮೂಡಲಗಿ ಸೀಮೆಗೆ ಬಂದರೆ ಪರಂಪರೆ ಕಲ್ಲಿಗಿಂತ ದನಿಯಲ್ಲಿದೆ: ಕುಲಗೋಡ ತಮ್ಮಣ್ಣನ, ಕೌಜಲಗಿ ನಿಂಗಮ್ಮನ ಶ್ರೀಕೃಷ್ಣ ಪಾರಿಜಾತ ಬಯಲಾಟ. ರಾತ್ರಿಯ ಆಟಕ್ಕೆ 400 ಐಎಸ್‌ಒ ವೇಗದ ಫಿಲ್ಮನ್ನು 1600ಕ್ಕೆ ತಳ್ಳಬೇಕು. ಕಾಳು ದಪ್ಪವಾಗುತ್ತದೆ, ನೆರಳಿನ ವಿವರ ಹೋಗುತ್ತದೆ. ದೀಪದ ಸುತ್ತ ಕೂತ ಪ್ರೇಕ್ಷಕರು ಅರ್ಧ ಕತ್ತಲೆಗೆ ಸೇರುತ್ತಾರೆ. ಈ ನಷ್ಟವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ, ಫ್ಲ್ಯಾಶಿನ ಬೆಳಕಿಗೆ ಆಟವೇ ಸತ್ತುಹೋಗುತ್ತದೆ.

ಗ್ರೀನ್‌ಲಾ ನಿಂತ ಜಾಗ ಸಿಕ್ಕಿದ್ದು ಹಂಪಿಯ ಕಲ್ಲು ಕದಲದೆ ಇದ್ದುದರಿಂದ. ಹಿನ್ನೀರು, ಪಾಳಿಯ ಜನ, ರಾತ್ರಿಯ ಮೇಳ ಹಾಗೆ ನಿಲ್ಲುವಂಥವಲ್ಲ. ಹಾಗಾಗಿ ಇಲ್ಲಿ ಚಿತ್ರ ತೆಗೆಯುವ ಹುಡುಗ-ಹುಡುಗಿಯರು ಪ್ರತಿ ನೆಗೆಟಿವಿನ ಲಕೋಟೆಯ ಮೇಲೆ ಫಿಲ್ಮು, ಫಿಲ್ಟರು, ತಾರೀಖು, ನೀರಿನ ಮಟ್ಟ, ನಿಂತ ಜಾಗ, ಚಿತ್ರದಲ್ಲಿರುವವರ ಹೆಸರು ಬರೆದು, ಅದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿ ಇಡಲಿ.